ನೋಯದ ಗಾಯ

ಶಿಕಾರಿಪುರದ ಕಡೆಯಿಂದ ಸೊರಬದ ಗದ್ದೆಗಳಿಗೆ ಕುರಿ ಹೊಡೆದುಕೊಂಡು ಹೋಗುವವರಲ್ಲಿ ಈಸೂರಿನ ಹನುಮಮ್ಮನನ್ನು ಗುರುತು ಹಿಡಿಯುವುದು ಸುಲಭವಾಗಿತ್ತು. ಅವಳ ಸೊಂಟದ ಎಡಕ್ಕೆ ಯಾವಾಗಲೂ ಒಂದು ಚೀಲ ನೇತಾಡುತ್ತಿತ್ತು. ಹಳೆಯ ಕಂಬಳಿಯ ತುಂಡನ್ನು ಮಡಿಸಿ ಹೊಲಿದು, ಬಾಯಿಗೆ ಲಾಡಿ ಪೋಣಿಸಿದ ಚೀಲ. ಗಾತ್ರದಲ್ಲಿ ಸುಲಿದ ತೆಂಗಿನಕಾಯಿಯಷ್ಟು. ಪಾತ್ರೆ, ಹಾಸಿಗೆ, ಬಲೆ, ಗೂಟ ಎಲ್ಲವೂ ಮೊದಲು ಕತ್ತೆಯ ಮೇಲೆ, ಈಚೆಗೆ ಬಾಡಿಗೆಯ ಗೂಡ್ಸ್ ಗಾಡಿಯ ಮೇಲೆ ಮುಂದೆ ಹೋಗುತ್ತಿದ್ದವು. ಈ ಚೀಲವನ್ನು ಮಾತ್ರ ಅವಳು ಯಾರ ಕೈಗೂ ಕೊಡುತ್ತಿರಲಿಲ್ಲ.

ಅದರಲ್ಲಿ ಇದ್ದುದು ದಾರಿಯಲ್ಲಿ ಆಗುವ ಸಣ್ಣಪುಟ್ಟ ಪೆಟ್ಟುಗಳಿಗೆ ಬೇಕಾದ ಸಾಮಾನು. ಗಂಡನ ಹಳೆಯ ಪಂಚೆಯನ್ನು ಕುದಿಸಿ, ಒಣಗಿಸಿ, ಉದ್ದುದ್ದ ಹರಿದಿಟ್ಟ ಬಟ್ಟೆ. ಮುಳ್ಳು ತೆಗೆಯುವ ಸೂಜಿ, ಸಣ್ಣ ಚಿಮಟ. ಅರಿಶಿನ, ಓಮಿನಕಾಳು, ಒಣಶುಂಠಿ. ಮೆಡಿಕಲ್ ಶಾಪಿನ ಮುಲಾಮು, ಜ್ವರದ ಮಾತ್ರೆ, ವಾಂತಿಭೇದಿಗೆ ನೀರಿಗೆ ಹಾಕಿ ಕುಡಿಯುವ ಪುಡಿ. ಹೊಲ ಕೊಯ್ದ ಕೂಳೆ ಚುಚ್ಚಿದರೆ, ಕುಡುಗೋಲು ತಾಗಿದರೆ, ಯಾರಿಗಾದರೂ ಬಿಸಿಲು ಹತ್ತಿ ತಲೆ ತಿರುಗಿದರೆ, ಹನುಮಮ್ಮ ಲಾಡಿ ಸಡಿಲಿಸುತ್ತಿದ್ದಳು. ಕುರಿ ಮಂದೆಗಳು ದಾರಿಯಲ್ಲಿ ಒಂದನ್ನೊಂದು ದಾಟಿ ಹೋಗುವಾಗ ಬೇರೆ ಮಂದೆಯವರೂ ನಿಂತು, "ಹನುಮಕ್ಕಾ, ಇದನ್ನೊಂದಿಷ್ಟು ನೋಡು" ಎಂದು ಕಾಲೋ ಕೈಯೋ ಚಾಚುತ್ತಿದ್ದರು.

ಚೀಲ ಹುಟ್ಟಿದ್ದಕ್ಕೆ ಕಾರಣ ಅವಳ ಮಗ ಯತೀಶ. ಈಗ ಅವನು ಶಿಕಾರಿಪುರದ ಬಸ್‌ಸ್ಟ್ಯಾಂಡಿನ ಹಿಂದೆ ಟೈರ್ ಪಂಕ್ಚರ್ ಅಂಗಡಿ ಇಟ್ಟುಕೊಂಡಿದ್ದಾನೆ. ಆಗ ಇನ್ನೂ ತೆವಳುವ ಕೂಸು. ಮಂದೆಯ ಜೊತೆ ಹೊರಟಿದ್ದಾಗ, ಊರೂ ಇಲ್ಲದ ಬಯಲಿನಲ್ಲಿ, ಒಲೆಯ ಮೇಲಿದ್ದ ಗಂಜಿಯ ಗಡಿಗೆ ಮಗುಚಿ ಅವನ ತೊಡೆಯ ಮೇಲೆ ಬಿತ್ತು. ಹನುಮಮ್ಮನ ಬಳಿ ಏನೂ ಇರಲಿಲ್ಲ. ಒಬ್ಬರು ಮಣ್ಣು ಮೆತ್ತು ಅಂದರು, ಇನ್ನೊಬ್ಬರು ಬೂದಿ ಹಾಕು ಅಂದರು. ಅವಳು ಎರಡನ್ನೂ ಹಾಕಿದಳು. ಮಗು ಉಳಿದುಕೊಂಡಿತು, ಕಲೆಯೂ ಉಳಿಯಿತು. ಆಮೇಲೆ ಮಗುವನ್ನು ಆರೋಗ್ಯ ಕೇಂದ್ರಕ್ಕೆ ಎತ್ತಿಕೊಂಡು ಹೋದಾಗ ಅಲ್ಲಿನ ನರ್ಸಮ್ಮ ಬೈದರು. ಬೈದ ಮೇಲೆ ಕೂರಿಸಿಕೊಂಡು ಕಲಿಸಿದರು. ಸುಟ್ಟರೆ ತಣ್ಣೀರು, ಕೊಯ್ದರೆ ಮೊದಲು ಸೋಪು ಹಾಕಿ ತೊಳೆಯುವುದು, ಬಟ್ಟೆ ಕುದಿಸುವುದು.

"ಸಣ್ಣದು ನಿನ್ನ ಪಾಲಿಗೆ, ದೊಡ್ಡದು ನಮ್ಮ ಪಾಲಿಗೆ. ಇದೊಂದು ಮರೀಬೇಡ" ಎಂದರು ನರ್ಸಮ್ಮ.

ಹನುಮಮ್ಮ ಬಹಳ ವರ್ಷ ಅದನ್ನು ಮರೆಯಲಿಲ್ಲ. ನಾಯಿ ಕಚ್ಚಿದವನನ್ನು ಗಾಯ ತೊಳೆದು ಆಸ್ಪತ್ರೆಗೆ ಕಳಿಸಿದಳು. ಹಾವು ಕಚ್ಚಿತೋ ಇಲ್ಲವೋ ಎಂದು ಅನುಮಾನ ಇದ್ದ ಹುಡುಗಿಯೊಬ್ಬಳನ್ನು ಯಾರ ಮಾತೂ ಕೇಳದೆ ತಾನೇ ಬಸ್ಸಿಗೆ ಹತ್ತಿಸಿಕೊಂಡು ಹೋದಳು. ಆದರೆ ವರ್ಷ ವರ್ಷವೂ ಜನ ಹೊಗಳುತ್ತ ಬಂದರು. ಕಟ್ಟಿದ ಗಾಯಗಳೆಲ್ಲ ವಾಸಿಯಾಗುತ್ತ ಬಂದವು. ಯಾವುದು ಸಣ್ಣದು, ಯಾವುದು ದೊಡ್ಡದು ಎಂಬ ಗೆರೆ ಅವಳಿಗೇ ತಿಳಿಯದಂತೆ ಸ್ವಲ್ಪ ಸ್ವಲ್ಪವೇ ಸರಿಯುತ್ತಿತ್ತು.

ಅವಳ ಗಂಡ ದೊಡ್ಡಬೀರಪ್ಪ ಎತ್ತರದ ಆಳು. ಮಂದೆಯ ಮುಂದೆ ನಡೆಯುವುದು ಯಾವಾಗಲೂ ಅವನೇ. ಹಿಂದೆ ಅವನ ತಮ್ಮ ಸಣ್ಣಬೀರಪ್ಪ, ನಡುವೆ ಎಲ್ಲೋ ಹನುಮಮ್ಮ. ಭತ್ತದ ಕೊಯ್ಲು ಮುಗಿದ ಮೇಲೆ ಸೊರಬ ತಾಲ್ಲೂಕಿನ ಗದ್ದೆಯವರು ಇವರಿಗಾಗಿ ಕಾಯುತ್ತಿದ್ದರು. ಖಾಲಿ ಗದ್ದೆಯಲ್ಲಿ ಕುರಿಗಳನ್ನು ರಾತ್ರಿ ಬಲೆಯೊಳಗೆ ತರುಬಿದರೆ ನೆಲಕ್ಕೆ ಗೊಬ್ಬರ, ಕುರಿಯವರಿಗೆ ಅಕ್ಕಿ. ಒಂದು ಗದ್ದೆ ಮುಗಿದರೆ ಇನ್ನೊಂದು. ಜಡೆಯ ಸುತ್ತ ಮುಗಿಸಿ, ಸೊರಬ ಪೇಟೆ ದಾಟಿ, ಉಳವಿಯ ಕಡೆಗೆ. ಬೇಸಿಗೆ ಬಲಿತ ಮೇಲೆ ವಾಪಸ್ಸು. ದೊಡ್ಡಬೀರಪ್ಪನಿಗೆ ಆ ದಾರಿಯ ಕೆರೆ, ತೂಬು, ನಾಯಿ ಇರುವ ಮನೆ ಎಲ್ಲವೂ ಗೊತ್ತಿದ್ದವು. ಮಾತು ಕಡಿಮೆ. ನೋವು ಎಂಬ ಶಬ್ದ ಅವನ ಬಾಯಿಂದ ಹೊರಟಿದ್ದನ್ನು ಹನುಮಮ್ಮ ಕೇಳಿಯೇ ಇರಲಿಲ್ಲ. ಅದು ಅವಳಿಗೆ ಹೆಮ್ಮೆಯ ವಿಷಯವಾಗಿತ್ತು.

ಜಡೆಯ ಹತ್ತಿರ ತ್ರ್ಯಂಬಕ ಎಂಬವರ ಗದ್ದೆಯಲ್ಲಿ ಪ್ರತಿ ವರ್ಷ ಇವರ ಮಂದೆ ಇಳಿಯುತ್ತಿತ್ತು. ಅವರ ಹೆಂಡತಿ ಸತ್ಯವತಿಗೂ ಹನುಮಮ್ಮನಿಗೂ ಒಳ್ಳೆಯ ಬಳಕೆ. ಅದಕ್ಕೂ ಚೀಲವೇ ಕಾರಣ. ಒಂದು ವರ್ಷ ಸತ್ಯವತಿ ಸುವರ್ಣಗಡ್ಡೆ ಹೆಚ್ಚುವಾಗ ಈಳಿಗೆ ಜಾರಿ ಅಂಗೈ ಕೊಯ್ದುಕೊಂಡಿದ್ದರು. ಮನೆಯಲ್ಲಿ ಬೇರೆ ಯಾರೂ ಇರಲಿಲ್ಲ. ಮಜ್ಜಿಗೆ ಕೇಳಲು ಹೋಗಿದ್ದ ಹನುಮಮ್ಮ ರಕ್ತ ಕಂಡು, ಅಲ್ಲೇ ಕೂರಿಸಿ, ಕೈಯನ್ನು ಮೇಲಕ್ಕೆ ಎತ್ತಿ ಹಿಡಿಸಿ, ಒತ್ತಿ, ತೊಳೆದು ಕಟ್ಟಿದಳು. ಮಾರನೆಯ ದಿನವೂ ಬಂದು ಬಟ್ಟೆ ಬದಲಿಸಿದಳು. ಗಾಯ ಕೂಡಿಕೊಂಡಿತು. ಅಂದಿನಿಂದ ಮಂದೆ ಬಂದಾಗಲೆಲ್ಲ ಸತ್ಯವತಿ ಅಂಗೈ ತೋರಿಸಿ, "ನೋಡು, ಗೆರೆಯೂ ಕಾಣೋದಿಲ್ಲ" ಎಂದು ನಗುತ್ತಿದ್ದರು.

ಹೀಗಿರುವಾಗ ಒಂದು ವರ್ಷ ಮಂದೆ ಈಸೂರಿನಿಂದ ಹೊರಟಾಗಲೇ ದೊಡ್ಡಬೀರಪ್ಪ ಸೊರಗಿದ್ದ. ಅಂಗಿ ಹೆಗಲ ಮೇಲೆ ಜೋಲುತ್ತಿತ್ತು. ನೀರು ಬಹಳ ಕುಡಿಯುತ್ತಿದ್ದ; ಕ್ಯಾನು ಖಾಲಿಯಾದರೆ ಯಾರದೋ ಬೋರಿನ ಹತ್ತಿರ ನಿಂತು ಬೊಗಸೆ ಹಿಡಿಯುತ್ತಿದ್ದ. ಮಾತು ಮಾತಿಗೆ ಮೂತ್ರಕ್ಕೆ ಹೋಗುತ್ತಿದ್ದ.

"ಬಿಸಲು ಭಾಳ ಆಗೇತಿ ಈ ಸಲ" ಎಂದ ಅವನು. ಹನುಮಮ್ಮನಿಗೂ ಅದೇ ಸರಿ ಅನ್ನಿಸಿತು. ಚೀಲದಲ್ಲಿದ್ದ ವಾಂತಿಭೇದಿಯ ಪುಡಿಯನ್ನು ನೀರಿಗೆ ಬೆರೆಸಿ ಕೊಟ್ಟಳು. ಅದರಲ್ಲಿ ಉಪ್ಪಿನ ಜೊತೆ ಸಕ್ಕರೆಯೂ ಇರುತ್ತದೆ. ಅದನ್ನು ಅವಳು ಆಮೇಲೆ ಎಷ್ಟು ಸಲ ನೆನೆಸಿಕೊಂಡಳೋ.

ಜಡೆಯ ಗದ್ದೆಯಲ್ಲಿ ಇಳಿದ ಸಂಜೆ ದೊಡ್ಡಬೀರಪ್ಪ ಚಪ್ಪಲಿ ಬಿಚ್ಚಿ ಕಾಲು ಚಾಚಿದ. ಹನುಮಮ್ಮ ಒಲೆಗೆ ಪುಳ್ಳೆ ತುಂಬುತ್ತಿದ್ದವಳು ಅತ್ತ ನೋಡಿದರೆ, ಅವನ ಬಲಗಾಲಿನ ಹೆಬ್ಬೆರಳ ಬುಡದಲ್ಲಿ ರಕ್ತ ಕಪ್ಪಾಗಿ ಒಣಗಿತ್ತು. ಚಪ್ಪಲಿಯನ್ನು ತೆಗೆದು ತಿರುಗಿಸಿದಳು. ಜಾಲಿಯ ಮುಳ್ಳು ಅಟ್ಟೆಯನ್ನೇ ತೂರಿ ಒಳಗೆ ಬಂದು, ಅವನ ಅಂಗಾಲಿನಲ್ಲಿ ಮುರಿದಿತ್ತು.

"ಇದು ಯಾವಾಗ ಹೊಕ್ಕೈತಿ?"

"ಗೊತ್ತಿಲ್ಲ."

"ಗೊತ್ತಿಲ್ಲ ಅಂದ್ರ? ಇಷ್ಟುದ್ದ ಮುಳ್ಳು ಹೊಕ್ಕಿದ್ದು ಗೊತ್ತಾಗಲಿಲ್ಲಾ?"

"ಗೊತ್ತಾಗಲಿಲ್ಲ ಬಿಡು. ನಡದು ಬಂದೀನಲ್ಲ."

ಸಣ್ಣಬೀರಪ್ಪ ನಕ್ಕ. "ಅಣ್ಣನ ಕಾಲು ಕಲ್ಲಾಗಿ ಹೋಗ್ಯಾವ, ಅತ್ತಿಗಿ" ಎಂದ. ಹನುಮಮ್ಮನೂ ನಕ್ಕಳು. ಸೂಜಿಯನ್ನು ಬೆಂಕಿಗೆ ಹಿಡಿದು, ಆರಿಸಿ, ಮುಳ್ಳಿನ ಸುತ್ತ ಬಿಡಿಸಿ ಚಿಮಟದಿಂದ ಎಳೆದಳು. ಬೇರೆ ಯಾರಾದರೂ ಆಗಿದ್ದರೆ ಕೂಗಿ ಎದ್ದುಬಿಡುತ್ತಿದ್ದರು. ಅವನು ಬೀಡಿ ಸೇದುತ್ತ ಕುರಿಗಳ ಕಡೆಗೆ ನೋಡುತ್ತಿದ್ದ. ಅವಳು ತೊಳೆದಳು, ಮುಲಾಮು ಹಚ್ಚಿದಳು, ಬಿಗಿಯಾಗಿ ಕಟ್ಟಿದಳು. ಎಂದಿನಂತೆ ಅಚ್ಚುಕಟ್ಟಾದ ಕೆಲಸ.

ದಿನವೂ ಸಂಜೆ ಬಟ್ಟೆ ಬದಲಿಸುತ್ತಿದ್ದಳು. ದಿನವೂ ಕೇಳುತ್ತಿದ್ದಳು: "ನೋಯ್ತೈತೇನು?"

"ಇಲ್ಲ."

ನೋವಿಲ್ಲ ಅಂದರೆ ವಾಸಿಯಾಗುತ್ತಿದೆ. ಅವಳಿಗೆ ತಿಳಿದಿದ್ದ ಲೆಕ್ಕ ಅದು. ಗಾಯದ ಬಾಯಿ ಮುಚ್ಚದಿದ್ದರೂ, ಅಂಚು ಬಿಳಿಚಿಕೊಂಡರೂ, ನಡೆಯುವ ಕಾಲು ಸ್ವಲ್ಪ ನಿಧಾನವಾಗಿ ಕೂಡುತ್ತದೆ ಅಂದುಕೊಂಡಳು. ಅವನೂ ಮಂದೆಯ ಮುಂದೆ ಎಂದಿನ ಹಾಗೆಯೇ ನಡೆಯುತ್ತಿದ್ದ.

ಜಡೆಯ ಕೆಲಸ ಮುಗಿಯುವ ಹೊತ್ತಿಗೆ, ಅಕ್ಕಿ ಒಯ್ಯಲು ದೊಡ್ಡಬೀರಪ್ಪ ಹನುಮಮ್ಮನ ಜೊತೆ ಸತ್ಯವತಿಯವರ ಮನೆಗೆ ಬಂದ. ಅಂಗಳದ ಕಟ್ಟೆಯ ಮೇಲೆ ಕುಳಿತು ಚಪ್ಪಲಿ ಬಿಟ್ಟ. ಎದ್ದಾಗ ಸಿಮೆಂಟಿನ ಮೇಲೆ ಕಂದು ಬಣ್ಣದ ಒದ್ದೆ ಗುರುತು ಉಳಿಯಿತು. ಸತ್ಯವತಿ ಅದನ್ನು ನೋಡಿದರು. ವಾಸನೆಯೂ ಬಂದಿರಬೇಕು, ಸೆರಗನ್ನು ಮೂಗಿನ ಹತ್ತಿರ ತಂದವರು ತಕ್ಷಣ ಕೆಳಗಿಳಿಸಿದರು.

"ಬೀರಪ್ಪ, ಬಟ್ಟೆ ಬಿಚ್ಚು ನೋಡ್ವ."

ಅವನು ಹೆಂಡತಿಯ ಮುಖ ನೋಡಿದ. ಅವಳೇ ಬಿಚ್ಚಿದಳು. ಸತ್ಯವತಿ ಬಗ್ಗಿ ನೋಡಿ ಹಿಂದಕ್ಕೆ ಸರಿದರು.

"ಎಂಥಾ ಮಾರಾಯ್ತಿ ಇದು! ಎಷ್ಟು ದಿವಸ ಆಯ್ತು ಇದಕ್ಕೆ?"

"ಮುಳ್ಳು ಚುಚ್ಚಿದ್ದು ರೀ. ತೆಗದು ಕಟ್ಟೀನಿ. ಹದಕ್ಕ ಬರಾಕತ್ತೈತಿ."

"ಇದು ಹದಕ್ಕೆ ಬರ್ತಿರೋ ಗಾಯ ಅಲ್ಲ ಹನುಮಮ್ಮ. ನಮ್ಮನೆಯವ್ರು ನಾಳೆ ಬೆಳಿಗ್ಗೆ ಕಾರು ತಗೊಂಡು ಸೊರಬಕ್ಕೆ ಹೋಗ್ತಾರೆ. ಜಾಗ ಇದೆ. ಇಬ್ರೂ ಹೋಗಿ ತೋರ್ಸ್ಕೊಂಡು ಬನ್ನಿ."

"ಅವಂಗ ನೋವೇ ಇಲ್ಲರೀ. ಕೇಳ್ರಿ ಬೇಕಾದ್ರ."

"ನೋವಿಲ್ಲ ಅಮ್ಮಾ" ಎಂದ ದೊಡ್ಡಬೀರಪ್ಪ.

"ನೋವಿಲ್ಲದೆ ಇದ್ರೆ ಏನಾಯ್ತು? ಡಾಕ್ಟ್ರು ನೋಡ್ಲಿ. ನೀನು ಎಷ್ಟೇ ಚೆನ್ನಾಗಿ ಕಟ್ಟಿದ್ರೂ…"

ಆ ಮಾತು ಹನುಮಮ್ಮನಿಗೆ ನಾಟಿತು. ಅಂಗಳದಲ್ಲಿ ಕೆಲಸದವರು ಇಬ್ಬರು ನಿಂತು ಕೇಳುತ್ತಿದ್ದರು. ತನ್ನ ಗಂಡನ ಕಾಲಿಗೆ ತಾನೇ ಕಟ್ಟಿದ ಬಟ್ಟೆ ಎಲ್ಲರ ಎದುರು ಬಿಚ್ಚಿ ಬಿದ್ದಿತ್ತು. ಅವಳು ಸತ್ಯವತಿಯ ಅಂಗೈಯನ್ನೇ ನೋಡಿ ಹೇಳಿದಳು:

"ನಿಮ್ಮ ಕೈ ಕೂಡಿಸಿದ್ದು ಇದೇ ಚೀಲ ಅಲ್ಲೇನ್ರಿ? ಅವತ್ತು ಯಾವ ಡಾಕ್ಟರು ಬಂದಿದ್ರು?"

ಸತ್ಯವತಿ ಬಾಯಿ ತೆರೆದವರು ಮುಚ್ಚಿದರು. ಆಮೇಲೆ ಒಳಗೆ ಹೋಗಿ ಅಕ್ಕಿಯ ಜೊತೆಗೆ ಒಂದು ಡಬ್ಬಿ ಉಪ್ಪಿನಕಾಯಿ ತಂದುಕೊಟ್ಟರು. ಗಾಯದ ಮಾತು ಅಲ್ಲಿಗೆ ನಿಂತಿತು. ಹನುಮಮ್ಮ ಹೊಸ ಬಟ್ಟೆ ತೆಗೆದು, ಮೊದಲಿಗಿಂತ ಬಿಗಿಯಾಗಿ ಕಟ್ಟಿದಳು.

ದಾರಿಯಲ್ಲಿ ಅವಳಿಗೆ ಮನಸ್ಸು ತಡೆಯಲಿಲ್ಲ. "ಹೋಗಿ ತೋರಿಸಿಬಿಡೋಣೇನು?" ಎಂದು ಕೇಳಿದಳು.

"ನೀ ಏನಂತಿ?" ಎಂದ ದೊಡ್ಡಬೀರಪ್ಪ. ಅವನಿಗೆ ಅವಳ ಕೈಯಲ್ಲಿ ಅಷ್ಟು ನಂಬಿಕೆ. ಅವಳು ಹೂಂ ಅಂದಿದ್ದರೆ ಹೋಗುತ್ತಿದ್ದ.

"ಉಳವಿಯಾಗ ಗದ್ದಿಯವರು ಕಾಯಾಕತ್ಯಾರ. ಅಲ್ಲಿ ಮುಟ್ಟಿದ ಮ್ಯಾಲೆ ನೋಡೋಣ" ಎಂದಳು ಅವಳು.

ಜಡೆಯಿಂದ ಹೊರಟ ಮಂದೆ ಸೊರಬ ಪೇಟೆಯನ್ನು ದಾಟಬೇಕು. ಪೇಟೆಯೊಳಗೆ ಕುರಿ ಹೊಡೆಯುವುದು ಎಂದರೆ ಜೀವ ಬಾಯಿಗೆ ಬಂದ ಹಾಗೆ. ಹಿಂದಿನಿಂದ ಬಸ್ಸಿನ ಹಾರನ್ನು, ಎದುರಿಗೆ ಬೈಕಿನವರು, ತರಕಾರಿ ಅಂಗಡಿಗೆ ಬಾಯಿ ಹಾಕುವ ಕುರಿಗಳು. ಆ ಗದ್ದಲದಲ್ಲೇ ಅವರು ಆಸ್ಪತ್ರೆಯ ಗೇಟಿನ ಮುಂದೆ ಹಾದುಹೋದರು. ಹನುಮಮ್ಮ ಗೇಟನ್ನು ನೋಡಿದಳು. ಒಳಗೆ ಮರದ ಕೆಳಗೆ ಜನ ಚೀಟಿ ಹಿಡಿದು ಕುಳಿತಿದ್ದರು. ಮುಂದೆ ದೊಡ್ಡಬೀರಪ್ಪನ ತಲೆರುಮಾಲು ಕಾಣುತ್ತಿತ್ತು. ಕೂಗಿ ಕರೆಯಬಹುದಿತ್ತು. ಸಣ್ಣಬೀರಪ್ಪನಿಗೆ ಮಂದೆ ಬಿಟ್ಟು, ಇಬ್ಬರೂ ಆ ಮರದ ಕೆಳಗೆ ಹೋಗಿ ಕೂರಬಹುದಿತ್ತು. ಅಷ್ಟರಲ್ಲಿ ಒಂದು ಕುರಿಮರಿ ಚರಂಡಿಗೆ ಬಿತ್ತು. ಅವಳು ಅದನ್ನು ಎತ್ತಿಕೊಂಡು ತಲೆ ಎತ್ತುವಾಗ ಗೇಟು ಹಿಂದೆ ಬಿದ್ದಿತ್ತು.

ಅವಳ ಬದುಕಿನಲ್ಲಿ ಎಷ್ಟೋ ದಾರಿಗಳಿವೆ. ಆದರೆ ಈಗ ಕಣ್ಣು ಮುಚ್ಚಿದರೆ ಕಾಣುವುದು ಆ ಗೇಟಿನ ಮುಂದಿನ ಅಷ್ಟೇ ರಸ್ತೆ.

ಉಳವಿ ಮುಟ್ಟುವ ಮೊದಲೇ ದೊಡ್ಡಬೀರಪ್ಪ ಮಂದೆಯ ಮುಂದಿನಿಂದ ಹಿಂದಕ್ಕೆ ಬಿದ್ದ. ಅವನು ಹಿಂದೆ ಬೀಳುವುದನ್ನು ಯಾರೂ ಕಂಡಿರಲಿಲ್ಲ. ಒಂದು ಮೋರಿಯ ಮೇಲೆ ಕುಳಿತ. ಹನುಮಮ್ಮ ಹಣೆ ಮುಟ್ಟಿದರೆ ಕೆಂಡ. ಜ್ವರದ ಮಾತ್ರೆ ಕೊಡಲು ಚೀಲಕ್ಕೆ ಕೈ ಹಾಕಿದವಳು, ಏನೋ ಹೊಳೆದಂತೆ, ಮಾತ್ರೆ ಬಿಟ್ಟು ಕಾಲಿನ ಬಟ್ಟೆ ಬಿಚ್ಚಿದಳು. ಹೆಬ್ಬೆರಳು ಕಪ್ಪಾಗಿತ್ತು. ಪಕ್ಕದ ಬೆರಳಿಗೂ ಕಪ್ಪು ಏರಿತ್ತು. ಪಾದದ ಮೇಲ್ಭಾಗ ಬಾತು ಹೊಳೆಯುತ್ತಿತ್ತು.

"ನೋಯ್ತೈತೇನು?" ಎಂದಳು.

"ಇಲ್ಲ" ಎಂದ ಅವನು. ಆಗ ಮೊದಲ ಬಾರಿಗೆ ಆ ಉತ್ತರ ಕೇಳಿ ಅವಳಿಗೆ ಹೆದರಿಕೆಯಾಯಿತು.

ಸಣ್ಣಬೀರಪ್ಪ ರಸ್ತೆಗೆ ಅಡ್ಡ ನಿಂತು ಗೂಡ್ಸ್ ಆಟೋ ಒಂದನ್ನು ನಿಲ್ಲಿಸಿದ. ಅದೇ ಸೊರಬ, ಅದೇ ಗೇಟು. ಅಲ್ಲಿನ ಡಾಕ್ಟರು ಕಾಲು ನೋಡಿದವರೇ ರಕ್ತ ಪರೀಕ್ಷೆ ಮಾಡಿಸಿದರು. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಮೆತ್ತಗೆ ಮಾತಾಡುತ್ತಿದ್ದರು.

"ಇವರಿಗೆ ಸಕ್ಕರೆ ಕಾಯಿಲೆ ಇದೆ. ಯಾವಾಗ ಚೆಕ್ ಮಾಡಿಸಿದ್ರಿ?"

"ಮಾಡ್ಸೇ ಇಲ್ಲರೀ."

"ಬಾಯಾರಿಕೆ, ಮೂತ್ರಕ್ಕೆ ಹೋಗೋದು ಜಾಸ್ತಿ ಇತ್ತಾ?"

ಹನುಮಮ್ಮನಿಗೆ ಬೋರಿನ ನೀರಿಗೆ ಬೊಗಸೆ ಹಿಡಿದು ನಿಂತ ಗಂಡ ಕಂಡ. ಅವನು ಮೂತ್ರ ಮಾಡಿದಲ್ಲಿ ಇರುವೆ ಮುತ್ತುವುದನ್ನು ತಾನು ಒಮ್ಮೆ ನೋಡಿ ಹಾದುಹೋಗಿದ್ದೂ ನೆನಪಾಯಿತು. ತಲೆ ಆಡಿಸಿದಳು.

"ಗಾಯ ಇಷ್ಟಾಗೋವರೆಗೆ ಯಾಕೆ ಬಿಟ್ರಿ?"

"ನೋವಿಲ್ಲ ಅಂದ್ರು ರೀ. ದಿನಾ ಕೇಳ್ತಿದ್ದೆ."

"ಸಕ್ಕರೆ ಜಾಸ್ತಿ ದಿನ ಇದ್ರೆ ಕಾಲಿನ ನರ ಸತ್ತು ಹೋಗ್ತವೆ ಅಮ್ಮ. ನೋವು ಗೊತ್ತಾಗಲ್ಲ. ನೋವಿಲ್ಲದೆ ಇದ್ದಿದ್ದೇ ಇವರ ಕಾಯಿಲೆ."

ಅಲ್ಲಿಂದ ಆಂಬುಲೆನ್ಸಿನಲ್ಲಿ ಶಿವಮೊಗ್ಗಕ್ಕೆ ಕಳಿಸಿದರು. ಯತೀಶ ಅಂಗಡಿ ಮುಚ್ಚಿ ಅಲ್ಲಿಗೇ ಬಂದ. ಮೊದಲು ಬೆರಳು ತೆಗೆದರು. ಕಪ್ಪು ನಿಲ್ಲಲಿಲ್ಲ. ಆಮೇಲೆ ಮೊಣಕಾಲಿನ ಕೆಳಗೆ ತೆಗೆಯಬೇಕು ಎಂದರು. ಸಹಿ ಹಾಕುವ ಮೊದಲು ಯತೀಶ ತಾಯಿಯ ಹತ್ತಿರ ಬಂದು ನಿಂತ. ಅವಳು ಆಸ್ಪತ್ರೆಯ ವರಾಂಡದಲ್ಲಿ ಗೋಡೆಗೆ ಆನಿಕೊಂಡು ಕುಳಿತಿದ್ದಳು.

"ಅವ್ವಾ, ಜೀವ ಉಳಿತೈತಂತ. ಹೂಂ ಅನ್ಲೇನು?"

"ಸತ್ಯವ್ವಾರು ಕಾರಿನಾಗ ಜಾಗ ಐತಿ ಅಂದಿದ್ರು" ಎಂದಳು ಅವಳು.

ಯತೀಶನಿಗೆ ಅರ್ಥವಾಗಲಿಲ್ಲ. ಅವಳು ಅದನ್ನೇ ಮತ್ತೆ ಹೇಳಿದಳು. ಅವನು ತಾನೇ ಹೋಗಿ ಸಹಿ ಹಾಕಿದ.

ದೊಡ್ಡಬೀರಪ್ಪ ಉಳಿದ. ಈಸೂರಿಗೆ ವಾಪಸ್ಸು ಬಂದಾಗ ಮಳೆಗಾಲ ಹತ್ತಿರವಾಗಿತ್ತು. ಮಂದೆಯಲ್ಲಿ ಅರ್ಧವನ್ನು ಸಣ್ಣಬೀರಪ್ಪ ಇಟ್ಟುಕೊಂಡ, ಅರ್ಧ ಮಾರಿದರು. ಮಾರುವ ದಿನ ದೊಡ್ಡಬೀರಪ್ಪ ಹೊರಗೆ ಬರಲಿಲ್ಲ. ಒಳಗೆ ಮಲಗಿ, ಕುರಿಗಳು ಒದರುವುದನ್ನು ಕೇಳುತ್ತ, "ಅದು ಕರಿ ಟಗರು… ಅದು ಮೊನ್ನಿ ಈದದ್ದು" ಎಂದು ದನಿಯ ಮೇಲೇ ಹೆಸರು ಹಿಡಿಯುತ್ತಿದ್ದ. ಹನುಮಮ್ಮ ಎದ್ದು ಹಿತ್ತಲಿಗೆ ಹೋದಳು.

ಅವನು ಅವಳಿಗೆ ಒಂದು ಮಾತೂ ಅನ್ನಲಿಲ್ಲ. ಅನ್ನಲಿ ಎಂದು ಅವಳು ಕಾದಳು. ಊಟಕ್ಕೆ ತಡವಾದರೆ ಬೈಯಲಿ, ಸ್ನಾನಕ್ಕೆ ಎತ್ತುವಾಗ ಕೈ ಕೊಡವಲಿ, ಏನಾದರೂ ಮಾಡಲಿ. ಅವನು ಮೊದಲಿಗಿಂತ ಹೆಚ್ಚು ಮೆತ್ತಗಾದ. ಕೊನೆಗೆ ಒಂದು ಮಧ್ಯಾಹ್ನ ಅವಳೇ ಕೇಳಿದಳು.

"ನನ್ನ ಮ್ಯಾಲೆ ಸಿಟ್ಟಿಲ್ಲೇನು ನಿನಗ?"

"ಯಾಕ?"

"ಅವತ್ತು ನೀ ಏನಂತಿ ಅಂತ ಕೇಳ್ದಿ. ನಾ ಉಳವಿ ಅಂದೆ."

"ನಾನೂ ಗದ್ದಿ ಚಿಂತಿಯಾಗೇ ಇದ್ದೆ" ಎಂದ. "ನೀ ಹೂಂ ಅಂದ್ರ ಹೋಗೂದು, ಇಲ್ಲಂದ್ರ ಬಿಡೂದು ಅಂತ ನಿನ್ನ ತಲಿಮ್ಯಾಲೆ ಹಾಕಿದೆ. ಕಾಲು ನಂದಲ್ಲೇನು?"

ಅದರಿಂದ ಅವಳಿಗೆ ಸಮಾಧಾನವಾಗಲಿಲ್ಲ. ಅವನು ತನ್ನ ಪಾಲು ತಾನು ತೆಗೆದುಕೊಂಡರೂ ಅವಳ ಪಾಲು ಕಡಿಮೆಯಾಗಲಿಲ್ಲ.

ಇನ್ನೊಂದು ಸಂಕಟ ಆಮೇಲೆ ಶುರುವಾಯಿತು. ಇಲ್ಲದ ಪಾದ ನೋಯಲು ಹತ್ತಿತು. ಹಾಸಿಗೆಯ ಮೇಲೆ ಬರಿ ಚಾದರ ಇದ್ದ ಜಾಗವನ್ನು ತೋರಿಸಿ, "ಇಲ್ಲಿ, ಹೆಬ್ಬಟ್ಟಿನ ಬುಡದಾಗ, ಚಳಕು ಹೊಡಿತೈತಿ" ಎನ್ನುತ್ತಿದ್ದ. ಬದುಕಿಡೀ ನೋವೆನ್ನದವನು ಹಲ್ಲು ಕಚ್ಚಿ ಒದ್ದಾಡುತ್ತಿದ್ದ. ಡಾಕ್ಟರು ಇದು ಆಗುವುದೇ, ನರಗಳ ನೆನಪು ಎಂದು ಹೇಳಿ ಮಾತ್ರೆ ಕೊಟ್ಟಿದ್ದರು. ಮಾತ್ರೆ ಹಿಡಿಯುವವರೆಗೆ ಹನುಮಮ್ಮ ಹತ್ತಿರ ಕುಳಿತಿರುತ್ತಿದ್ದಳು. ಎಷ್ಟೋ ಜನರ ಕೈಕಾಲು ಹಿಡಿದ ಕೈಗೆ ಒತ್ತಲು, ತೊಳೆಯಲು, ಕಟ್ಟಲು ಅಲ್ಲಿ ಏನೂ ಇರಲಿಲ್ಲ.

ಸತ್ಯವತಿಯವರು ಸುದ್ದಿ ತಿಳಿದು, ಒಂದು ದಿನ ಎರಡು ಬಸ್ಸು ಬದಲಿಸಿ ಈಸೂರಿಗೆ ಬಂದರು. ಕಿತ್ತಲೆಹಣ್ಣು ತಂದಿದ್ದರು, ಸಕ್ಕರೆ ಕಾಯಿಲೆಯವರಿಗೆ ಕೊಡಬಹುದೋ ಇಲ್ಲವೋ ಎಂದು ಬಾಗಿಲಲ್ಲೇ ಕೇಳಿ, ಹಣ್ಣಿನ ಚೀಲವನ್ನು ಕೈಯಲ್ಲೇ ಹಿಡಿದು ನಿಂತರು. ದೊಡ್ಡಬೀರಪ್ಪನ ಹತ್ತಿರ ಕುಳಿತು ಗದ್ದೆಯ ಸುದ್ದಿ ಹೇಳಿದರು. ಹೊರಡುವಾಗ ಹನುಮಮ್ಮ ಅವರ ಜೊತೆ ಬಸ್ಸಿನ ಕಟ್ಟೆಯವರೆಗೆ ಬಂದಳು.

"ನಾನು ಅವತ್ತು ಸುಮ್ಮನಾಗ್ಬಾರ್ದಿತ್ತು" ಎಂದರು ಸತ್ಯವತಿ. "ನೀನು ಕೈ ವಿಷಯ ಎತ್ತಿದ ಕೂಡ್ಲೆ ನಾಚಿಕೆ ಆಯ್ತು. ಉಪಕಾರ ಮಾಡಿದವ್ಳಿಗೆ ಬುದ್ಧಿ ಹೇಳ್ತಿದೀನಲ್ಲ ಅಂತ ಅನ್ನಿಸ್ತು. ಇನ್ನೊಂದು ಮಾತು ಜೋರಾಗಿ ಹೇಳಿದ್ರೆ ನೀನು ಬಯ್ತಿದ್ದೆ, ಅಷ್ಟೇ ಅಲ್ವಾ?"

"ಬಯ್ತಿದ್ದೆ ರೀ" ಎಂದಳು ಹನುಮಮ್ಮ. "ಬೈದು, ಆಮ್ಯಾಲೆ ಬರ್ತಿದ್ನೇನೋ."

ಬಸ್ಸು ಬಂತು. ಸತ್ಯವತಿ ಹತ್ತುವ ಮೊದಲು ಅವಳ ಕೈ ಹಿಡಿದರು.

ಕೊಯ್ಲಿನ ಕಾಲ ಮತ್ತೆ ಬಂತು. ಸಣ್ಣಬೀರಪ್ಪ ಉಳಿದ ಮಂದೆಯನ್ನು ಸೊರಬದ ಕಡೆಗೆ ಹೊರಡಿಸಿದ. ಈ ಸಲ ಅವನ ಹೆಂಡತಿ ಕರುಣಾ ಜೊತೆಗೆ ಹೋಗುವವಳು. ಹೊರಡುವ ಹಿಂದಿನ ದಿನ ಅವಳು ಬಂದು ಚೀಲ ಕೇಳಿದಳು. ಹನುಮಮ್ಮ ಅದನ್ನು ಆಸ್ಪತ್ರೆಯಿಂದ ಬಂದ ದಿನವೇ ಅಟ್ಟಕ್ಕೆ ಎಸೆದಿದ್ದಳು.

"ಅದರ ಸುದ್ದಿ ತೆಗಿಬ್ಯಾಡ."

"ಮತ್ತ ದಾರಿಯಾಗ ಮುಳ್ಳು ಚುಚ್ಚದ ಬಿಡತಾವೇನಕ್ಕ? ಬರಿಗೈಲೆ ಹೋಗ್ಲೇನು?"

ಒಳಗಿನಿಂದ ದೊಡ್ಡಬೀರಪ್ಪ ಕೂಗಿದ: "ಕಟ್ಟಿ ಕೊಡು. ಮುಳ್ಳು ತೆಗದಿದ್ದೇನು ತಪ್ಪಲ್ಲ."

ಅವಳು ಅಟ್ಟದಿಂದ ಇಳಿಸಿ ದೂಳು ಕೊಡವಿದಳು. ಹಳೆಯ ಬಟ್ಟೆ, ಮಾತ್ರೆ ಎಲ್ಲ ಚೆಲ್ಲಿ, ಕಂಬಳಿಯ ಚೀಲವನ್ನು ಬಿಸಿನೀರಿಗೆ ಹಾಕಿ ಒಗೆದಳು. ಹೊಸ ಬಟ್ಟೆ ಕುದಿಸಿದಳು. ಯತೀಶನಿಗೆ ಫೋನು ಮಾಡಿ ಮೆಡಿಕಲ್ ಶಾಪಿನ ಸಾಮಾನು ತರಿಸಿದಳು. ಕರುಣಾಳನ್ನು ಎದುರು ಕೂರಿಸಿಕೊಂಡು ಒಂದೊಂದನ್ನೂ ತೋರಿಸಿದಳು. ಆದರೆ ಹೆಚ್ಚು ಹೊತ್ತು ಹೇಳಿದ್ದು ಚೀಲದಲ್ಲಿ ಇಲ್ಲದ್ದರ ಬಗ್ಗೆ. ಎರಡು ದಿನಕ್ಕೆ ಗಾಯದ ಬಾಯಿ ಕೂಡಲಿಲ್ಲ ಅಂದರೆ ಕುರಿ ಬಿಟ್ಟು ದವಾಖಾನೆಗೆ ಹೋಗಬೇಕು. ವಾಸನೆ ಬಂದರೆ ಹೋಗಬೇಕು. ನೋಯಬೇಕಾದ ಗಾಯ ನೋಯದಿದ್ದರೆ ಅವತ್ತೇ, ಅದೇ ಗಳಿಗೆಯಲ್ಲಿ ಹೋಗಬೇಕು. ಯಾರಾದರೂ ಹೋಗು ಅಂದರೆ ಎದುರು ಮಾತಾಡದೆ ಹೋಗಬೇಕು.

"ಇಷ್ಟು ಅಂಜಿಸಿದ್ರ ಹೆಂಗಕ್ಕ?" ಎಂದು ಕರುಣಾ ನಗಲು ನೋಡಿದಳು. ಹನುಮಮ್ಮ ನಗಲಿಲ್ಲ.

ಇಷ್ಟರಲ್ಲಿ ಊರಿನಲ್ಲಿ ಹನುಮಮ್ಮನ ಇನ್ನೊಂದು ಅಭ್ಯಾಸಕ್ಕೆ ಜನ ಬೇಸರ ಪಡಲು ಶುರುಮಾಡಿದ್ದರು. ನಲವತ್ತು ದಾಟಿದ ಯಾವ ಗಂಡಸು ಸಿಕ್ಕರೂ ರಕ್ತ ಪರೀಕ್ಷೆ ಆಯಿತಾ ಎಂದು ಕೇಳುತ್ತಿದ್ದಳು. ಕಟ್ಟೆಯ ಮೇಲೆ ಕುಳಿತವರ ಚಪ್ಪಲಿ ಬಿಡಿಸಿ, ಅಂಗಾಲನ್ನು ಪೊರಕೆ ಕಡ್ಡಿಯಿಂದ ಚುಚ್ಚಿ, "ತಿಳಿತೈತೇನು?" ಎನ್ನುತ್ತಿದ್ದಳು. ಕೆಲವರು ಅವಳನ್ನು ಕಂಡರೆ ದಾರಿ ಬದಲಿಸುತ್ತಿದ್ದರು. ಇಬ್ಬರು ಮೂವರು ಶಿಕಾರಿಪುರಕ್ಕೆ ಹೋಗಿ ಪರೀಕ್ಷೆ ಮಾಡಿಸಿಕೊಂಡರು. ಅವರಲ್ಲಿ ಒಬ್ಬನಿಗೆ ಸಕ್ಕರೆ ಇದೆ ಎಂದು ಗೊತ್ತಾಗಿ ಔಷಧಿ ಶುರುವಾಯಿತು. ಅವನು ಬಂದು ಕೈ ಮುಗಿದಾಗ ಅವಳು ಮುಖ ತಿರುಗಿಸಿ ಒಳಗೆ ಹೋದಳು.

ಮಂದೆ ಹೊರಟಿದ್ದು ಬೆಳಗಿನ ಎಳೆ ಬಿಸಿಲಿನಲ್ಲಿ. ದೊಡ್ಡಬೀರಪ್ಪ ಊರುಗೋಲು ಹಿಡಿದು ಜಗುಲಿಯ ಮೇಲೆ ನಿಂತಿದ್ದ. ಕೃತಕ ಕಾಲು ಬರುವುದಿತ್ತು, ಇನ್ನೂ ಬಂದಿರಲಿಲ್ಲ. ಕುರಿಗಳು ಮನೆಯ ಮುಂದೆ ಹಾಯುವಾಗ ಅವನ ಬಾಯಲ್ಲಿ ತಾನಾಗಿಯೇ ಸಿಳ್ಳೆ ಬಂತು. ಮುಂದಿನ ಕುರಿಗಳು ಗಕ್ಕನೆ ನಿಂತು ಅವನ ಕಡೆ ತಿರುಗಿದವು. ಸಣ್ಣಬೀರಪ್ಪನಿಗೆ ಅವುಗಳನ್ನು ಮತ್ತೆ ದಾರಿಗೆ ಹಚ್ಚುವುದು ಕಷ್ಟವಾಯಿತು.

"ನೀನೂ ಊರ ಬಾಗಿಲ ತನಕ ಹೋಗಿ ಬಾ" ಎಂದ ದೊಡ್ಡಬೀರಪ್ಪ ಹೆಂಡತಿಗೆ. "ನಾ ಇಲ್ಲೇ ನಿಂತಿರ್ತೀನಿ."

ಅವಳು ಹೋದಳು. ಊರ ಬಾಗಿಲು ದಾಟಿ, ಕಾಲುವೆಯ ಸೇತುವೆಯವರೆಗೂ ಹೋಗಿ ವಾಪಸ್ಸು ಬಂದಳು. ಬರುವಷ್ಟರಲ್ಲಿ ದೊಡ್ಡಬೀರಪ್ಪ ಜಗುಲಿಯ ತುದಿಗೆ ಕುಳಿತಿದ್ದ.

"ಮುಂದ ಯಾವುದು ಹೊಂಟಿತ್ತು? ಬಿಳಿ ಕಿವಿದಾ, ಇಲ್ಲಾ ಮೋಟಾ?" ಎಂದು ಕೇಳಿದ. "ಆ ಕುಂಟ ಮರಿ ನಡಿತೇನು? ಸೇತುವಿ ಮ್ಯಾಲೆ ಬೆದರ್ಲಿಲ್ಲಲ್ಲ?"

ಹನುಮಮ್ಮ ಅವನ ಪಕ್ಕದಲ್ಲಿ ಕುಳಿತಳು. ಅಷ್ಟು ದೂರ ಹೋಗಿ ಬಂದರೂ ಅವಳು ಒಂದು ಕುರಿಯನ್ನೂ ನೋಡಿರಲಿಲ್ಲ. ದಾರಿಯುದ್ದಕ್ಕೂ ಸಣ್ಣಬೀರಪ್ಪನ ಹಿಂದೆ ನಡೆಯುತ್ತ, ಅವನು ನೆಲಕ್ಕೆ ಊರುತ್ತಿದ್ದ ಎರಡು ಪಾದಗಳನ್ನೇ ನೋಡಿದ್ದಳು.